ಸವೆಯುವ ನಾದ

ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುತ್ತಿದ್ದ ದಿನಗಳಲ್ಲಿ ಶಬ್ದವು ನಿತ್ಯವೋ ಅನಿತ್ಯವೋ ಎಂಬ ವಾದವು ಬಂದಿತೆಂದರೆ ನಮ್ಮ ಗುರುಗಳ ಉತ್ಸಾಹವು ಇಮ್ಮಡಿಯಾಗುತ್ತಿತ್ತು. ಮೀಮಾಂಸಕರ ಮತದಲ್ಲಿ ಶಬ್ದವು ನಿತ್ಯವಾದುದು. ನಾವು ಉಚ್ಚರಿಸಿದಾಗ ಅದು ಹೊಸದಾಗಿ ಹುಟ್ಟುವುದಿಲ್ಲ, ಕತ್ತಲೆಯ ಕೋಣೆಯಲ್ಲಿದ್ದ ಗಡಿಗೆಯು ದೀಪದಿಂದ ಕಾಣಿಸಿಕೊಳ್ಳುವಂತೆ ವ್ಯಕ್ತವಾಗುವುದು ಮಾತ್ರ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಶಬ್ದವು ಆಕಾಶದ ಗುಣ. ಅದು ಹುಟ್ಟುವುದು, ಕ್ಷಣಮಾತ್ರದಲ್ಲಿ ಅಳಿಯುವುದು. ನೀರಿನಲ್ಲಿ ಅಲೆಯು ಅಲೆಯನ್ನು ಹುಟ್ಟಿಸುವಂತೆ ಒಂದು ಶಬ್ದವು ಮತ್ತೊಂದನ್ನು ಹುಟ್ಟಿಸುತ್ತ ಬಂದು ನಮ್ಮ ಕಿವಿಯನ್ನು ಮುಟ್ಟುವುದು ಎಂದು ಅವರ ವಾದ. ಹದಿನಾರು ವರ್ಷದ ಹುಡುಗನಾಗಿದ್ದ ನಾನು ಒಂದು ದಿನ ಧೈರ್ಯಮಾಡಿ ಎದ್ದುನಿಂತು, "ಗುರುಗಳೇ, ನಮ್ಮ ಮನೆಯಲ್ಲಿ ಗ್ರಾಮಫೋನಿನ ಪ್ಲೇಟುಗಳಿವೆ. ಬೀರುವಿನಲ್ಲಿರುವಾಗ ಅವು ಸುಮ್ಮನಿರುತ್ತವೆ, ಮುಳ್ಳಿಟ್ಟರೆ ಹಾಡುತ್ತವೆ. ಹಾಡು ಅದರೊಳಗೆ ಮೊದಲೇ ಇದ್ದಂತಾಯಿತಲ್ಲ? ಮೀಮಾಂಸಕರ ಪಕ್ಷವೇ ಗೆದ್ದಂತಲ್ಲವೆ?" ಎಂದು ಕೇಳಿದೆನು. ಸಹಪಾಠಿಗಳು ನಕ್ಕರು. ಗುರುಗಳು ನಗಲಿಲ್ಲ. "ಮೀಮಾಂಸಕರು ನಿತ್ಯವೆಂದದ್ದು ವರ್ಣಾತ್ಮಕವಾದ ಶಬ್ದವನ್ನು, ನಿನ್ನ ಸಂಗೀತದ ಧ್ವನಿಯನ್ನಲ್ಲ. ಅದು ಹಾಗಿರಲಿ. ಪ್ಲೇಟಿನಲ್ಲಿರುವುದು ಶಬ್ದವಲ್ಲಪ್ಪ, ಗೀರು. ಗೀರು ಹಾಡುವುದಿಲ್ಲ, ಸವೆಯುತ್ತದೆ" ಎಂದರು.

ಆ ಉತ್ತರದ ಮೊದಲರ್ಧವು ನನಗೆ ಅಂದೇ ತಿಳಿಯಿತು. ಉಳಿದರ್ಧವು ತಿಳಿಯುವುದಕ್ಕೆ ಬಹುಕಾಲ ಹಿಡಿಯಿತು. ಅದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಧುಗಿರಿಯ ಏಕಶಿಲೆಯ ಬೆಟ್ಟವು ಹಿತ್ತಲಿನಿಂದ ಕಾಣುವ ಮನೆ ನಮ್ಮದು. ತಾತನವರ ಕಾಲದ ಒಂದು ಗ್ರಾಮಫೋನು ನಡುಮನೆಯಲ್ಲಿತ್ತು. ನಾನು ಬಾಲಕನಾಗಿದ್ದ 1960ರ ದಶಕದಲ್ಲಿ ರೇಡಿಯೋ ಊರಿನ ಅನೇಕ ಮನೆಗಳಿಗೆ ಬಂದಿತ್ತಾದರೂ, ಕೀಲಿ ಕೊಟ್ಟು ಹಾಡಿಸುವ ಆ ಪೆಟ್ಟಿಗೆಯ ಗೌರವವು ಕುಂದಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ತಾತನವರು ಕೈಕಾಲು ತೊಳೆದು ಬಂದು, ಬಟ್ಟೆಯಿಂದ ಪ್ಲೇಟಿನ ಧೂಳನ್ನು ಒರಸಿ, ಮುಳ್ಳನ್ನು ಬದಲಾಯಿಸಿ, ಮಣೆಯ ಮೇಲೆ ಕುಳಿತ ನಮ್ಮ ಕಡೆಗೊಮ್ಮೆ ನೋಡುವರು. ಆ ನೋಟಕ್ಕೆ ಮಾತು ನಿಲ್ಲುತ್ತಿತ್ತು. ಮೂರು ನಿಮಿಷ ಕಳೆದ ಮೇಲೆ ಮತ್ತೆ ಕೀಲಿ, ಮತ್ತೆ ಹೊಸ ಮುಳ್ಳು. ಒಂದು ಸಂಜೆಗೆ ನಾಲ್ಕು ಮಗ್ಗುಲು; ಐದನೆಯದಕ್ಕೆ ಎಷ್ಟು ಬೇಡಿದರೂ ಒಪ್ಪುತ್ತಿರಲಿಲ್ಲ.

ಮುಂದೆ ನಾನು ಉಪಾಧ್ಯಾಯನಾದೆನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ನನ್ನ ವೃತ್ತಿಜೀವನವೆಲ್ಲ ಈ ನಾಲ್ಕರೊಳಗೇ ಸುತ್ತಿತು. ಪ್ಲೇಟುಗಳ ಸಂಗ್ರಹವೂ ವರ್ಗಾವಣೆಯಿಂದ ವರ್ಗಾವಣೆಗೆ ಬೆಳೆಯಿತು. ಶಿರಾದ ಸಂತೆಯಲ್ಲಿ ಹಳೆಯ ಹಿತ್ತಾಳೆ ಮಾರುವವನ ಗೋಣಿಯ ಮೇಲೆ ನಾಯಿ ಮಾರ್ಕಿನ ಪ್ಲೇಟುಗಳು ಬಿಸಿಲಿಗೆ ಬಾಗುತ್ತ ಬಿದ್ದಿದ್ದವು. ಕೊರಟಗೆರೆಯ ಒಂದು ಮನೆಯಲ್ಲಿ ಉಪ್ಪಿನಕಾಯಿಯ ಜಾಡಿಗೆ ಪ್ಲೇಟೇ ಮುಚ್ಚಳವಾಗಿತ್ತು. ಇನ್ನೊಂದು ಮನೆಯಲ್ಲಿ ಪ್ಲೇಟನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಅಂಚನ್ನು ಮಡಿಸಿ, ಹಣ್ಣಿನ ಬಟ್ಟಲಾಗಿ ಮಾಡಿದ್ದರು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪೆನಿಯಿಂದಾಗಿ ರಂಗಗೀತೆಗಳ ಹುಚ್ಚು ಈ ಸೀಮೆಯ ಮನೆಮನೆಗೂ ಹಬ್ಬಿತ್ತಷ್ಟೆ. ಆದುದರಿಂದ ಹಳೆಯ ಅಟ್ಟಗಳಲ್ಲಿ ಕೈಯಾಡಿಸಿದವನಿಗೆ ನಾಟಕದ ಪದಗಳ ಪ್ಲೇಟು ಸಿಕ್ಕದೆ ಹೋಗುವುದು ಅಪರೂಪ. ನಿವೃತ್ತನಾಗುವ ವೇಳೆಗೆ ನನ್ನ ಬಳಿ ಮುನ್ನೂರಕ್ಕೂ ಮಿಕ್ಕ ಪ್ಲೇಟುಗಳಿದ್ದವು.

ಈ ವಸ್ತುವಿನ ಸ್ವರೂಪವನ್ನು ಅರಿಯದ ಕಿರಿಯರಿಗಾಗಿ ಎರಡು ಮಾತು. ಹಳೆಯ ಪ್ಲೇಟು ಅರಗಿನಿಂದಾದುದು. ನಮ್ಮ ದೇಶದ ಕಾಡುಮರಗಳಲ್ಲಿ ಕೀಟಗಳು ಸ್ರವಿಸುವ ಅರಗಿಗೆ ಕಲ್ಲಿನ ಪುಡಿಯನ್ನು ಬೆರಸಿ, ಕಾಯಿಸಿ, ಅಚ್ಚೊತ್ತುವರು. ಅದರ ಮೈಮೇಲೆ ಸುರುಳಿಯಾಗಿ ಸುತ್ತಿಕೊಂಡ ಒಂದೇ ಒಂದು ಗೀರು. ನಿಮಿಷಕ್ಕೆ 78 ಸುತ್ತಿನಂತೆ ತಿರುಗುವ ಹತ್ತಂಗುಲದ ಪ್ಲೇಟಿನಲ್ಲಿ ಮುಳ್ಳು ಮೂರು ನಿಮಿಷದೊಳಗೆ ನೂರು ಮೀಟರಿಗೂ ಮಿಗಿಲಾದ ದಾರಿಯನ್ನು ನಡೆಯುವುದು. ಕಲ್ಲಿನ ಪುಡಿಯನ್ನು ಬೆರಸುವುದರಲ್ಲಿ ಒಂದು ಯುಕ್ತಿಯಿದೆ: ಅದು ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲೇ ಅರೆದು ಗೀರಿನ ಅಳತೆಗೆ ಸರಿಹೊಂದಿಸುವುದು. ಆದುದರಿಂದಲೇ ಮಗ್ಗುಲಿಗೊಂದು ಮುಳ್ಳು ಬೇಕಾಗುತ್ತಿತ್ತು. ಆದರೆ ಕಲ್ಲು ಉಕ್ಕನ್ನು ಅರೆಯುವಾಗ ಉಕ್ಕೂ ಕಲ್ಲನ್ನು ಅರೆಯುವುದು ತಪ್ಪದು. ಪ್ರತಿಯೊಂದು ಸಲ ಹಾಡಿಸಿದಾಗಲೂ ಗೀರಿನ ಸೂಕ್ಷ್ಮವಾದ ಅಂಕುಡೊಂಕುಗಳು ಕೂದಲೆಳೆಗಿಂತ ತೆಳುವಾಗಿ ಸವೆಯುವುವು; ಮೊದಲು ಗಮಕದ ನಯವು ಹೋಗುವುದು, ಆಮೇಲೆ ಸಾಹಿತ್ಯದ ಸ್ಪಷ್ಟತೆ, ಕೊನೆಗೆ ಮಳೆ ಹುಯ್ದಂತಹ ಸದ್ದೊಂದೇ ಉಳಿಯುವುದು. 1948ರಲ್ಲಿ ಅಮೆರಿಕದಲ್ಲಿ ಬಂದ ವಿನೈಲಿನ ದೀರ್ಘವಾದನದ ಪ್ಲೇಟು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಾಗಿ ಹಾಡಿತು. ಹಗುರವಾದ ಮುಳ್ಳಿನಿಂದ ಅದರ ಸವೆತವೂ ತಗ್ಗಿತು. ತಗ್ಗಿತಲ್ಲದೆ ಇಲ್ಲವಾಗಲಿಲ್ಲ.

ಇಲ್ಲಿಯೇ ಧರ್ಮಜಿಜ್ಞಾಸೆಯು ಹುಟ್ಟುವುದು. ಹಣಕ್ಕೆ ಮೂರೇ ಗತಿಗಳೆಂದು ನೀತಿಜ್ಞರು ಹೇಳಿರುವರು: ಕೊಡುವುದು, ತಾನು ಅನುಭವಿಸುವುದು, ಇವೆರಡೂ ಇಲ್ಲದಿದ್ದರೆ ನಾಶವಾಗುವುದು. ವಿದ್ಯೆಯ ಮಾತು ಬೇರೆ. ಅದು ಕೊಟ್ಟಷ್ಟೂ ಬೆಳೆಯುವುದು. ಹಾಗಾದರೆ ಗ್ರಾಮಫೋನಿನ ಪ್ಲೇಟು ಹಣದ ಜಾತಿಯೋ ವಿದ್ಯೆಯ ಜಾತಿಯೋ? ಅದರೊಳಗಿನದು ನಿಸ್ಸಂದೇಹವಾಗಿ ವಿದ್ಯೆ. ಆದರೆ ಅದನ್ನು ಹೊತ್ತ ಒಡಲು ಹಣದಂತೆ ಕೊಟ್ಟಷ್ಟೂ ಕರಗುವುದು. ಯಾವನು ದಿನವೂ ಹಾಡಿಸುವನೋ ಅವನು ಮುಂದಿನವರ ಪಾಲನ್ನು ಉಣ್ಣುವನು. ಯಾವನು ಹಾಡಿಸದೆ ಕಾಯುವನೋ ಅವನು ಗೀರು ಬಿದ್ದ ಅರಗಿನ ಬಿಲ್ಲೆಯನ್ನು ಕಾಯುವನಲ್ಲದೆ ಸಂಗೀತವನ್ನಲ್ಲ. ಈ ಉಭಯಸಂಕಟದಲ್ಲಿ ಸಂಗ್ರಾಹಕನ ಧರ್ಮವೇನು?

ನಾನು ನನ್ನ ಮಟ್ಟಿಗೆ ಒಂದು ಏರ್ಪಾಟು ಮಾಡಿಕೊಂಡಿದ್ದೆನು. ಬೀರುವಿನ ಕೆಳಗಣ ಅರೆಗಳಲ್ಲಿ ಹಾಡಿಸತಕ್ಕ ಪ್ಲೇಟುಗಳು. ಮೇಲಣ ಅರೆಯಲ್ಲಿ ಹಾಡಿಸಬಾರದವು. ಮೇಲಿನವು ನಲವತ್ತರಷ್ಟಿದ್ದವು: ಒಂದೇ ಪ್ರತಿ ಉಳಿದಿರಬಹುದಾದವು, ಬಹುಮಟ್ಟಿಗೆ ಸವೆಯದೆ ಬಂದವು. ಅವುಗಳನ್ನು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಹೊರತೆಗೆದು ಒರಸಿ, ಮತ್ತೆ ಒಳಗಿಡುತ್ತಿದ್ದೆನು. ಇದು ವಿವೇಕವೆಂದು ನನಗೆ ತೋರಿತ್ತು. ಕೇಳಿದವರೂ ವಿವೇಕವೆಂದೇ ಹೇಳಿದ್ದರು.

1994ರಲ್ಲಿ ನಾನು ಪಾವಗಡದಲ್ಲಿದ್ದೆನು. ಆ ತಾಲ್ಲೂಕಿನ ಸುತ್ತ ಬಹುಭಾಗ ಆಂಧ್ರದ ಸೀಮೆ. ಮನೆಮಾತು ಅನೇಕರಿಗೆ ತೆಲುಗು. ಹಾರ್ಮೋನಿಯಮ್ಮಿನ ಮೇಲೆ ರಾಗವಾಗಿ ಹಾಡುವ ತೆಲುಗು ನಾಟಕಪದ್ಯಗಳೆಂದರೆ ಅಲ್ಲಿಯವರಿಗೆ ಪ್ರಾಣ. ನನ್ನ ಮೇಲಿನ ಅರೆಯಲ್ಲಿ ಅಂತಹ ಪದ್ಯಗಳ ಒಂದು ಪ್ಲೇಟಿತ್ತು. ಅದರ ಚೀಟಿಯ ಮೇಲೆ ಹಾಡಿದವನ ಹೆಸರುಂಟು, ಪಕ್ಕವಾದ್ಯದವರ ಹೆಸರಿಲ್ಲ. ಆ ಕಾಲದ ಪದ್ಧತಿಯೇ ಹಾಗೆ. ಈ ಪ್ಲೇಟು ನನ್ನಲ್ಲಿರುವ ಸಂಗತಿಯು ಹೇಗೋ ಊರಿನಲ್ಲಿ ಹರಡಿ, ಭಾದ್ರಪದಮಾಸದ ಒಂದು ಸಂಜೆ ಎಂಬತ್ತರ ಹತ್ತಿರದ ಮುದುಕಿಯೊಬ್ಬಳು ಮೊಮ್ಮಗನ ಕೈಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ಕುಳಿತು ಸ್ವಲ್ಪ ದಣಿವಾರಿಸಿಕೊಂಡು, "ಮೇಷ್ಟ್ರೇ, ಆ ಪ್ಲೇಟಿನಲ್ಲಿ ಪೆಟ್ಟಿಗೆ ನುಡಿಸಿದವರು ನಮ್ಮ ಯಜಮಾನರು. ಮದರಾಸಿಗೆ ಹೋಗಿ ನುಡಿಸಿ ಬಂದರು. ನನಗೆ ಆಗ ಹೊಸದಾಗಿ ಮದುವೆ. ನಮ್ಮ ಮನೆಯಲ್ಲಿದ್ದದ್ದು ಎಂದೋ ಒಡೆದುಹೋಯಿತು. ಒಂದು ಸಲ ಹಾಕಿ, ಕೇಳಿಕೊಂಡು ಹೋಗುತ್ತೇನೆ" ಎಂದಳು.

ನಾನು ಏನು ಹೇಳಿದೆನೆಂಬುದು ಚೆನ್ನಾಗಿ ನೆನಪಿದೆ, ಮರೆಯುವಂತಿದ್ದರೆ ಒಳ್ಳೆಯದಾಗುತ್ತಿತ್ತು. "ಅಜ್ಜಿ, ನನ್ನ ಹತ್ತಿರ ಒಳ್ಳೆಯ ಮುಳ್ಳಿಲ್ಲ. ಹಳೆಯ ಮುಳ್ಳು ಹಾಕಿದರೆ ಪ್ಲೇಟು ಹಾಳಾಗುತ್ತದೆ. ದಸರೆಗೆ ಬೆಂಗಳೂರಿಗೆ ಹೋದಾಗ ಹೊಸದನ್ನು ತರುತ್ತೇನೆ, ಆಮೇಲೆ ಬನ್ನಿ" ಎಂದೆನು. ಮುಳ್ಳಿಲ್ಲವೆಂಬುದು ಸುಳ್ಳು. ಅರ್ಧಡಬ್ಬಿಯ ಹೊಸ ಮುಳ್ಳು ಮೇಜಿನೊಳಗಿತ್ತು. ಮುದುಕಿಯು, "ಆಗಲಿ ಸ್ವಾಮಿ, ಅದು ಕೆಡಬಾರದು" ಎಂದಳು. ಹೋಗುವಾಗ ಪ್ಲೇಟನ್ನು ಒಮ್ಮೆ ಮುಟ್ಟಿ ನೋಡಬಹುದೇ ಎಂದು ಕೇಳಿದಳು. ತೋರಿಸಿದೆನು. ಸೆರಗಿಗೆ ಕೈಯೊರಸಿಕೊಂಡು, ಗೀರಿರುವ ಭಾಗವನ್ನು ಮುಟ್ಟದೆ, ನಡುವಣ ಚೀಟಿಯ ಮೇಲೆ ಮಾತ್ರ ಬೆರಳಿಟ್ಟು ತೆಗೆದಳು.

ದಸರೆ ಕಳೆಯಿತು. ನಾನು ಬೆಂಗಳೂರಿಗೂ ಹೋಗಿ ಬಂದೆನು. ಇಂದು ನಾಳೆ ಎನ್ನುತ್ತಿರುವಾಗಲೇ ದೀಪಾವಳಿಗೆ ನಾಲ್ಕು ದಿನ ಮುಂಚೆ ಆ ಹುಡುಗನು ಶಾಲೆಗೆ ರಜಾಚೀಟಿಯನ್ನು ತಂದನು. ಅಜ್ಜಿ ತೀರಿಕೊಂಡಳೆಂದು ಅದರಲ್ಲಿ ಬರೆದಿತ್ತು. ಅಂದು ರಾತ್ರಿ ಬಾಗಿಲು ಹಾಕಿಕೊಂಡು ನಾನೊಬ್ಬನೇ ಆ ಪ್ಲೇಟನ್ನು ಹಾಡಿಸಿದೆನು. ಅದನ್ನು ಕೊಂಡ ದಿನ ಒಮ್ಮೆ ಕೇಳಿದ್ದೆನಾದರೂ ಆಗ ಹಾಡಿದವನನ್ನು ಮಾತ್ರ ಕೇಳಿದ್ದೆನು. ಈ ಸಲ ಪೆಟ್ಟಿಗೆಯನ್ನು ಕೇಳಿದೆನು. ಪದ್ಯದ ಕೊನೆಯಲ್ಲಿ ಗಾಯಕನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಅವನ ಸ್ವರವನ್ನು ಪೆಟ್ಟಿಗೆಯು ಬೀಳದಂತೆ ಹಿಡಿದು ನಿಲ್ಲಿಸುತ್ತದೆ. ಅವನು ಮತ್ತೆ ಎತ್ತಿಕೊಂಡ ಕೂಡಲೆ ತಾನು ಕೆಳಗಿಳಿಯುತ್ತದೆ. ಆ ಮೂರು ನಿಮಿಷದಲ್ಲಿ ಪ್ಲೇಟು ಎಷ್ಟು ಸವೆಯಿತು? ಕಣ್ಣಿಗಾಗಲಿ ಕಿವಿಗಾಗಲಿ ಗೊತ್ತಾಗುವಷ್ಟು ಸವೆಯಲಿಲ್ಲ.

ನನ್ನ ಪಕ್ಷದಲ್ಲಿ ಹೇಳಬಹುದಾದದ್ದು ಇಲ್ಲದಿಲ್ಲ. ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸುವೆನು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಕಂಠವನ್ನು ಮುದ್ರಿಸಿಕೊಂಡನು. ಮುದ್ರಿಕೆಗಳನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಅಲ್ಲಿ ಪ್ಲೇಟುಗಳನ್ನು ಒತ್ತಬೇಕಾಗಿತ್ತು. ಕಲ್ಕತ್ತೆಯಲ್ಲಿ ಕಾರ್ಖಾನೆಯು ಬಂದದ್ದು 1908ರಲ್ಲಿ. ಪರದೇಶದ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲೆಂದು ಆಕೆಯು ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುವಳು. ಅದೇ ಗೌಹರ್ ಜಾನಳು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು ಮೈಸೂರಿಗೆ ಬಂದಳು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಆಕೆಯು ತನ್ನ ಹೆಸರು ಹೇಳುವ ದನಿಯನ್ನು ನಾವು ಇಂದು ಕೇಳುತ್ತಿರುವೆವಾದರೆ, ಎಲ್ಲಿಯೋ ಯಾರೋ ಒಬ್ಬರು ಆ ಪ್ಲೇಟನ್ನು ಸವೆಸದೆ ಇಟ್ಟದ್ದರಿಂದಲೇ ಅಲ್ಲವೆ? ಎಲ್ಲರೂ ಉದಾರಿಗಳಾಗಿದ್ದರೆ ನಮಗೆ ಉಳಿಯುತ್ತಿದ್ದುದು ಮಳೆಯ ಸದ್ದು ಮಾತ್ರ. ಆದುದರಿಂದ ಜಿಪುಣನೇ ಸಂಗೀತದ ಪರಮೋಪಕಾರಿ ಎಂದು ಪೂರ್ವಪಕ್ಷ.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನದೇ ಒಂದು ದೃಷ್ಟಾಂತವಿದೆ. ಗದಗಿನಲ್ಲಿ ಹುಡುಗನೊಬ್ಬನು ಪೇಟೆಯ ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟನ್ನು ಕೇಳಿ ಮೈಮರೆತನು. ಹಾಗೆ ಹಾಡಲೇಬೇಕೆಂಬ ಹಂಬಲವು ಹತ್ತಿ, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿಕೊಂಡು ಮನೆ ಬಿಟ್ಟು ಹೋದನು. ಊರೂರು ಅಲೆದು, ಕೊನೆಗೆ ಖಾನಸಾಹೇಬರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಶಿಷ್ಯವೃತ್ತಿ ಮಾಡಿದನು. ಅವನೇ ಪಂಡಿತ ಭೀಮಸೇನ ಜೋಶಿ. ಖಾನಸಾಹೇಬರು 1937ರಲ್ಲಿ ಗತಿಸಿದರು. ಜೋಶಿಯವರು 2011ರವರೆಗೆ ಬಾಳಿದರು. ಆ ಅಂಗಡಿಯ ಪ್ಲೇಟು ಬಂದುಹೋಗುವವರಿಗೆಲ್ಲ ಹಾಡಿ ಹಾಡಿ ಎಂದೋ ಸವೆದು ಕಸಕ್ಕೆ ಬಿದ್ದಿರಬೇಕು. ಆದರೆ ಅದರ ಗೀರಿನಿಂದ ಸವೆದದ್ದು ಒಂದು ಕಂಠದ ಮೂಲಕ ಮತ್ತೆ ಎಪ್ಪತ್ತು ವರ್ಷ ಹರಿಯಿತು. ಅಂಗಡಿಯವನು ನನ್ನಂತೆ ವಿವೇಕಿಯಾಗಿ ಅದನ್ನು ಮೇಲಿನ ಅರೆಯಲ್ಲಿ ಇಟ್ಟಿದ್ದರೆ, ಪ್ಲೇಟೊಂದು ಚೆನ್ನಾಗಿ ಉಳಿಯುತ್ತಿತ್ತು, ಅಷ್ಟೆ.

ಈ ಎರಡು ದೃಷ್ಟಾಂತಗಳೂ ಸತ್ಯವಾದುದರಿಂದ ಒಂದನ್ನು ಹಿಡಿದು ಮತ್ತೊಂದನ್ನು ಬಿಡುವಂತಿಲ್ಲ. ಕಾಪಾಡುವುದೂ ಧರ್ಮ, ಹಾಡಿಸುವುದೂ ಧರ್ಮ. ಎರಡು ಧರ್ಮಗಳು ಎದುರುಬದುರಾದಾಗ ಯಾವುದು ಯಾವುದಕ್ಕಾಗಿ ಎಂದು ಕೇಳಬೇಕೆಂಬುದು ಮೀಮಾಂಸೆಯಲ್ಲಿ ನಾವು ಕಲಿತ ಕ್ರಮ. ಯಾಗದಲ್ಲಿ ಭತ್ತವನ್ನು ಕುಟ್ಟುವುದು ಪುರೋಡಾಶಕ್ಕಾಗಿ. ಪುರೋಡಾಶವು ಕುಟ್ಟುವುದಕ್ಕಾಗಿ ಅಲ್ಲ. ಒಂದು ಅಂಗ, ಇನ್ನೊಂದು ಅಂಗಿ. ಹಾಗೆಯೇ ಪ್ಲೇಟನ್ನು ಕಾಪಾಡುವುದು ಕೇಳುವುದಕ್ಕಾಗಿ. ಕೇಳುವುದು ಕಾಪಾಡುವುದಕ್ಕಾಗಿ ಅಲ್ಲ. ಈ ಸಂಬಂಧವನ್ನು ಮರೆತವನಿಗೆ ಕಾವಲೇ ಗುರಿಯಾಗುವುದು. ನಾನು ಮಾಡಿದ್ದು ಅದನ್ನೇ. ಇನ್ನೂ ಹುಟ್ಟದಿರುವ ಶ್ರೋತೃವೊಬ್ಬನ ಪಾಲನ್ನು ಕಾಯುತ್ತಿರುವೆನೆಂದು ಭಾವಿಸಿ, ಎದುರಿಗೆ ಬಂದು ಕುಳಿತಿದ್ದ ಶ್ರೋತೃವನ್ನು ಹಿಂದಕ್ಕೆ ಕಳುಹಿಸಿದೆನು. ಆ ಪ್ಲೇಟನ್ನು ಕೇಳುವ ಅಧಿಕಾರವು ಈ ಲೋಕದಲ್ಲಿ ಆಕೆಗಿಂತ ಹೆಚ್ಚಾಗಿ ಯಾರಿಗಿದ್ದೀತು?

ಆದರೆ ಇಲ್ಲಿಗೆ ಮುಗಿಸಿದರೆ ಆತ್ಮವಂಚನೆಯಾಗುವುದು. ಕಾಪಾಡುವ ಧರ್ಮವನ್ನು ಅತಿಯಾಗಿ ನಂಬಿ ತಪ್ಪಿದೆನೆಂದು ಹೇಳಿಕೊಳ್ಳುವುದು ಸುಲಭ. ಕೇಳುವವರಿಗೂ ಅದು ಸಜ್ಜನನ ತಪ್ಪಾಗಿ ಕಾಣುವುದು. ನಿಜವು ಅದಲ್ಲ. 1994ರಲ್ಲಿ ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಖಾಲಿ ಕ್ಯಾಸೆಟ್ಟುಗಳೂ ಇದ್ದವು. ಪ್ಲೇಟನ್ನು ಒಮ್ಮೆ ಹಾಡಿಸಿ ಮುದ್ರಿಸಿಕೊಂಡಿದ್ದರೆ ಆ ಮುದುಕಿಗೆ ಬೇಕಾದಷ್ಟು ಸಲ ಕೇಳಿಸಬಹುದಾಗಿತ್ತು. ಒಂದು ಪ್ರತಿಯನ್ನು ಮನೆಗೇ ಕೊಟ್ಟು ಕಳುಹಿಸಬಹುದಾಗಿತ್ತು. ಸವೆತವು ನನ್ನ ನಿಜವಾದ ಕಾರಣವಾಗಿದ್ದರೆ ಈ ಉಪಾಯವು ತೋರದೆ ಹೋಗುತ್ತಿರಲಿಲ್ಲ. ತೋರಲಿಲ್ಲ, ಏಕೆಂದರೆ ನಾನು ಕಾಯುತ್ತಿದ್ದುದು ಪ್ಲೇಟನ್ನಲ್ಲ. ಮತ್ತಾರಲ್ಲಿಯೂ ಇಲ್ಲದ್ದು ನನ್ನಲ್ಲಿದೆಯೆಂಬ ಸುಖವನ್ನು. ಮುನ್ನೂರು ಪ್ಲೇಟುಗಳನ್ನು ಕೂಡಿಸಿದ ಪ್ರೇಮದೊಳಗೆ ಲೋಭವು ಯಾವಾಗ ಬಂದು ಸೇರಿತೋ ತಿಳಿಯದು. ಪ್ರೇಮದ ವೇಷವನ್ನೇ ಹಾಕಿಕೊಂಡು ಬಂದದ್ದರಿಂದ ಬಾಗಿಲಲ್ಲಿ ಗುರುತು ಸಿಕ್ಕಲಿಲ್ಲ.

ಈಗ ಕಾಲವು ಬದಲಾಗಿದೆ. ನನ್ನ ಹಳೆಯ ಶಿಷ್ಯನೊಬ್ಬನು ರಜಾದಿನಗಳಲ್ಲಿ ಬಂದು ಕುಳಿತು ಎಲ್ಲ ಪ್ಲೇಟುಗಳನ್ನೂ ಗಣಕಯಂತ್ರಕ್ಕೆ ಇಳಿಸಿಕೊಟ್ಟಿದ್ದಾನೆ. ಮುನ್ನೂರು ಪ್ಲೇಟುಗಳ ಎರಡೂ ಮಗ್ಗುಲು ಹೆಬ್ಬೆರಳಿನಷ್ಟು ದೊಡ್ಡ ವಸ್ತುವಿನೊಳಗೆ ಅಡಗಿವೆ. ಎಷ್ಟು ಸಲ ಕೇಳಿದರೂ ಅದು ಸವೆಯದು. ನೂರು ಜನಕ್ಕೆ ಕೊಟ್ಟರೂ ನನ್ನ ಪ್ರತಿ ನನ್ನಲ್ಲೇ ಇರುವುದು. ಕೊಟ್ಟಷ್ಟೂ ಬೆಳೆಯುವ ವಿದ್ಯಾಧನದ ಲಕ್ಷಣವು ಪ್ಲೇಟಿಗೂ ಬಂದಂತಾಯಿತು. ಹಾಗಾದರೆ ಈ ಜಿಜ್ಞಾಸೆಗೆ ಇನ್ನು ಅವಕಾಶವಿಲ್ಲವೇ ಎಂದು ಕೇಳಬಹುದು.

ಅರಗಿನ ಸವೆತದ ಪ್ರಶ್ನೆಯೇನೋ ಮುಗಿಯಿತು. ಆದರೆ ಸವೆಯುವುದು ಅರಗೊಂದೇ ಅಲ್ಲ. ಆ ಮುದುಕಿಗೆ ನಾನು ಕೊಡಬೇಕಾಗಿದ್ದದ್ದು ಪ್ಲೇಟಿನ ಮೂರು ನಿಮಿಷವಷ್ಟೇ ಅಲ್ಲ, ನನ್ನ ಸಂಜೆಯ ಮೂರು ನಿಮಿಷ. ನನ್ನ ಮೇಜಿನ ಮುಳ್ಳು, ನನ್ನ ಕೈಯ ಶ್ರಮ, ಜೊತೆಯಲ್ಲಿ ಕುಳಿತು ಕೇಳುವ ಸಹನೆ. ಇವುಗಳಿಗೆ ನಕಲಿಲ್ಲ, ಕೊಟ್ಟರೆ ಮುಗಿದುಹೋಗುವುವು. ಸಾವಿರ ಹಾಡುಗಳನ್ನು ಒಂದೇ ಕ್ಷಣದಲ್ಲಿ ಮಿತ್ರರಿಗೆ ಕಳುಹಿಸುವವನೂ ಒಂದು ಹಾಡನ್ನು ಅವರೊಡನೆ ಕುಳಿತು ಕೇಳದಿರಬಹುದು. ಅವನ ಮೇಲಿನ ಅರೆ ಬೀರುವಿನಲ್ಲಿಲ್ಲ, ಅಷ್ಟೇ ಭೇದ. ತಾತನವರು ಐದನೆಯ ಮಗ್ಗುಲನ್ನು ಹಾಡಿಸದಿದ್ದದ್ದು ಪ್ಲೇಟಿನ ಮೇಲಿನ ಲೋಭದಿಂದಲೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆನು. ಈಗ ಹಾಗೆ ತೋರುವುದಿಲ್ಲ. ನಾಲ್ಕನ್ನು ಅವರು ನಮಗೆ ಪೂರ್ತಿಯಾಗಿ ಕೊಡುತ್ತಿದ್ದರು.

ಮೇಲಿನ ಅರೆಯನ್ನು ನಾನು ತೆಗೆದುಹಾಕಿದ್ದೇನೆ. ಎಲ್ಲ ಪ್ಲೇಟುಗಳೂ ಒಂದೇ ಸಾಲಿನಲ್ಲಿವೆ. ಭಾನುವಾರದ ಸಂಜೆ ಮಧುಗಿರಿಯ ನಮ್ಮ ಜಗಲಿಗೆ ಬಂದವರು ಯಾವುದನ್ನು ಕೇಳಿದರೂ ಹೊಸ ಮುಳ್ಳಿಟ್ಟು ಹಾಡಿಸುವೆನು. ಪ್ರತಿ ಬೇಕೆಂದವರಿಗೆ ಪ್ರತಿಯನ್ನೂ ಕೊಡುವೆನು. ಮಕ್ಕಳಿಗೆ ಹೇಳಿರುವುದು ಇಷ್ಟೆ: ನನ್ನ ತರುವಾಯ ಇವುಗಳನ್ನು ಯಾರು ಚೆನ್ನಾಗಿ ಕಾಯುವರೆಂದು ವಿಚಾರಿಸಬೇಡಿ, ಯಾರು ಕೇಳುವರೆಂದು ವಿಚಾರಿಸಿ, ಕೇಳುವವರು ತಾವಾಗಿಯೇ ಕಾಯುವರು.

ಪಾವಗಡದ ಆ ಪ್ಲೇಟನ್ನು ವರ್ಷದಲ್ಲಿ ಹಲವು ಸಲ ಹಾಡಿಸುವುದಾಗಿದೆ. ಹೊಸಬರು ಬಂದಾಗ, ಹಾಡಿದವನ ಹೆಸರನ್ನು ಚೀಟಿಯಲ್ಲಿ ಓದಿ ಹೇಳಿ, "ಪೆಟ್ಟಿಗೆಯ ಕಡೆ ಸ್ವಲ್ಪ ಕಿವಿಯಿಡಿ" ಎನ್ನುವೆನು. ಮೂವತ್ತು ವರ್ಷದ ಕೆಳಗೆ ಇಲ್ಲದಿದ್ದ ಸಣ್ಣದೊಂದು ಮಳೆಯ ಸದ್ದು ಈಗ ಮೊದಲಿನಿಂದ ಕೊನೆಯವರೆಗೂ ಕೇಳುತ್ತದೆ. ಗುರುಗಳು ಹೇಳಿದ್ದು ಸರಿ; ಗೀರು ಸವೆಯುತ್ತಿದೆ. ಪದ್ಯದ ಕೊನೆಯಲ್ಲಿ ಪೆಟ್ಟಿಗೆಯು ಸ್ವರವನ್ನು ಹಿಡಿದು ನಿಲ್ಲಿಸುವ ಜಾಗವು ಮಾತ್ರ ಇನ್ನೂ ಚೆನ್ನಾಗಿ ಕೇಳಿಸುತ್ತಿದೆ.